ಮುಳ್ಳು ಬಿಡಿಸುವ ಕೈ

ಒಂದೇ ಮಡಿಲಲ್ಲಿ ಬೆಳೆದವರು ದೊಡ್ಡವರಾದ ಮೇಲೆ ಸೇರಬೇಕಾದರೆ ಒಂದು ನಿಮಿತ್ತ ಬೇಕಾಗುತ್ತದೆ. ಮದುವೆ ಇರಬೇಕು, ಗೃಹಪ್ರವೇಶ ಇರಬೇಕು, ತಂದೆಯ ತಿಥಿ ಇರಬೇಕು. ಏನೂ ಇಲ್ಲದಿದ್ದರೆ ಹಿಸ್ಸೆಯ ಕಾಗದಕ್ಕೆ ಸಹಿಯಾದರೂ ಬಾಕಿ ಇರಬೇಕು. ಅಲ್ಲಿ ನಾವು ಸೇರುತ್ತೇವೆ. ಆದರೆ ಜೊತೆಗೆ ಕೂರುವುದಿಲ್ಲ. ಒಬ್ಬರು ಅಡುಗೆಯವರ ಹಿಂದೆ ಓಡುತ್ತಿರುತ್ತಾರೆ, ಒಬ್ಬರು ಬಸ್ಸಿನ ಹೊತ್ತು ನೋಡುತ್ತಿರುತ್ತಾರೆ. ಪಂಕ್ತಿಯಲ್ಲಿ ಅಕ್ಕ ಬಡಿಸುತ್ತ ಬರುತ್ತಾಳೆ. ತಮ್ಮ ತಲೆ ಎತ್ತುವಷ್ಟರಲ್ಲಿ ಅವಳು ನಾಲ್ಕು ಎಲೆ ದಾಟಿರುತ್ತಾಳೆ. ನಿಮಿತ್ತವಿದ್ದ ಭೇಟಿಯನ್ನು ಆ ನಿಮಿತ್ತವೇ ನುಂಗಿಬಿಡುತ್ತದೆ. ಸುಮ್ಮನೆ ನೋಡಬೇಕೆನ್ನಿಸಿತು, ಬಂದೆ ಎಂದು ಒಡಹುಟ್ಟಿದವರ ಬಾಗಿಲಲ್ಲಿ ನಿಲ್ಲಲು ನಮಗೇಕೋ ಸಂಕೋಚ. ಹಾಗೆ ಯಾರಾದರೂ ಬಂದು ನಿಂತರೆ ನಮ್ಮ ಬಾಯಿಂದ ಮೊದಲು ಹೊರಡುವ ಮಾತೂ ಆತಂಕದ್ದೇ: ಎಲ್ಲ ಸೌಖ್ಯವಷ್ಟೇ, ಏನಾದರೂ ಆಯಿತೇ?

ಆದ್ದರಿಂದ ನಾಲಿಗೆಯ ಚಪಲ ನಮಗೆ ಒಮ್ಮೊಮ್ಮೆ ದೊಡ್ಡ ಉಪಕಾರ ಮಾಡುತ್ತದೆ. ‘ನಿನ್ನನ್ನು ನೋಡಬೇಕು’ ಎನ್ನಲಾರದವರು ‘ಕಾರವಾರಕ್ಕೆ ಹೋಗಿ ಮೀನು ತಿಂದು ಬರೋಣ’ ಎನ್ನಬಲ್ಲರು. ಶನಿವಾರ ಬೆಳಿಗ್ಗೆ ಹುಬ್ಬಳ್ಳಿ ಬಿಟ್ಟರೆ ಅರಬೈಲ್ ಘಟ್ಟ ಇಳಿದು ಅಂಕೋಲೆ, ಅಲ್ಲಿಂದ ಕಡಲ ಬದಿಯ ದಾರಿಯಲ್ಲಿ ಕಾರವಾರ, ಕಾಳಿ ನದಿಯ ಸೇತುವೆ ದಾಟಿದರೆ ಸದಾಶಿವಗಡ. ಸೋದೆಯ ಅರಸರು ಕಟ್ಟಿಸಿದ ದುರ್ಗ ಇಲ್ಲಿ ಗುಡ್ಡದ ಮೇಲಿದೆ. ಗುಡ್ಡದ ಮೇಲೆ ದುರ್ಗಾದೇವಿಯ ಗುಡಿ, ಕೆಳಗೆ ದರ್ಗಾ, ನಡುವೆ ಗುಡ್ಡವನ್ನು ಕಡಿದು ಸಾಗಿದ ಹೆದ್ದಾರಿ. ಜೊಯಿಡಾದ ಕಾಡಿನಲ್ಲಿ ಹುಟ್ಟಿ 184 ಕಿಲೋಮೀಟರ್ ಹರಿದು ಬರುವ ಕಾಳಿ, ಸೂಪಾದಲ್ಲಿ ತಡೆದು ನಿಂತು, ಕದ್ರಾದಲ್ಲಿ ಮತ್ತೆ ತಡೆದು ನಿಂತು, ದಾರಿಯುದ್ದಕ್ಕೂ ವಿದ್ಯುತ್ತಿಗಾಗಿ ದುಡಿದು, ಈ ಗುಡ್ಡದ ಪದತಲದಲ್ಲಿ ಸಮುದ್ರ ಸೇರುತ್ತದೆ. ಇಲ್ಲಿ ಅದಕ್ಕೆ ಯಾವ ಕೆಲಸವೂ ಉಳಿದಿಲ್ಲ. ಪಾತ್ರ ವಿಸ್ತಾರವಾಗಿದೆ, ಗತಿ ಮಂದವಾಗಿದೆ. ಈ ದಂಡೆಗೆ ಬಂದ ಮೇಲೆ ನಮಗೂ ಅವಸರ ಇಳಿಯುತ್ತದೆ.

ಇಲ್ಲಿಯ ಒಂದು ಸಣ್ಣ ಖಾನಾವಳಿಯಲ್ಲಿ ಕಂಡ ದೃಶ್ಯ ಇದು. ಪಕ್ಕದ ಮೇಜಿನಲ್ಲಿ ಅಕ್ಕ, ತಮ್ಮ. ಇಬ್ಬರ ತಲೆಯೂ ನರೆತಿದೆ. ತಾಟಿನಲ್ಲಿ ಕುಚ್ಚಲಕ್ಕಿ ಅನ್ನ, ತೆಫಲದ ಪರಿಮಳದ ಬಂಗಡೆ ಸಾರು, ರವೆಯಲ್ಲಿ ಹೊರಳಿಸಿ ಹುರಿದ ಇಡಿಯ ಬಂಗಡೆ ಒಂದೊಂದು, ಲೋಟದಲ್ಲಿ ಸೋಲ್‌ಕಡಿ. ತಮ್ಮನ ಫೋನು ಸದ್ದು ಮಾಡಿತು; ಅವರು ಎಡಗೈಯಲ್ಲಿ ಅದನ್ನು ಹಿಡಿದು ಮಾತಾಡತೊಡಗಿದರು. ಅಕ್ಕ ಊಟ ನಿಲ್ಲಿಸಿದರು, ತಮ್ಮನ ತಾಟನ್ನು ಹತ್ತಿರಕ್ಕೆ ಎಳೆದುಕೊಂಡರು. ಮೀನಿನ ಬೆನ್ನನ್ನು ಹೆಬ್ಬೆರಳಿನಿಂದ ಒತ್ತಿ ಎರಡಾಗಿ ಬಿಡಿಸಿ, ನಡುಮುಳ್ಳನ್ನು ಬಾಲದಿಂದ ತಲೆಯವರೆಗೆ ಇಡಿಯಾಗಿ ಎತ್ತಿ ಬದಿಗಿಟ್ಟರು. ಪಕ್ಕದ ಸಣ್ಣ ಮುಳ್ಳುಗಳನ್ನು ಬೆರಳ ತುದಿಯಲ್ಲಿ ತಡಕಿ ತೆಗೆದರು. ತಾಟು ಮತ್ತೆ ಸ್ವಸ್ಥಾನಕ್ಕೆ ಹೋಯಿತು. ಫೋನು ಮುಗಿಸಿದ ತಮ್ಮ ತಾಟು ನೋಡಿದರು. ಏನೂ ಹೇಳಲಿಲ್ಲ, ಉಂಡರು. ‘ತಮಾ, ಇನ್ನೂ ಒಂದಿರಬಹುದು, ನೋಡ್ಕೊ’ ಎಂದು ಮಾತ್ರ ಅಕ್ಕ ಹೇಳಿದರು.

ಅರವತ್ತರ ಗಡಿ ಮುಟ್ಟಿದ ಮನುಷ್ಯನಿಗೆ ಮುಳ್ಳು ಬಿಡಿಸಿಕೊಳ್ಳಲು ಬಾರದೇ? ಬರುತ್ತದೆ. ಅಕ್ಕನಿಗೆ ಅದು ಗೊತ್ತಿಲ್ಲವೇ? ಗೊತ್ತಿದೆ. ಆದರೂ ಕೈಗೆ ತನ್ನದೇ ಒಂದು ಸ್ಮೃತಿ ಇರುತ್ತದೆ. ಬುದ್ಧಿ ಮರೆತದ್ದನ್ನು ಅದು ಮರೆಯುವುದಿಲ್ಲ. ತಾಯಿ ಒಲೆಯ ಮುಂದೆ ಇದ್ದಾಗ, ಚಿಕ್ಕವನ ತಾಟಿನ ಮೀನು ಬಿಡಿಸುವ ಹೊಣೆ ಎಂಟು ವರ್ಷದ ಹುಡುಗಿಯದು. ಕಡಲ ತೀರದ ಮನೆಗಳಲ್ಲಿ ಇದು ಇಂದಿಗೂ ನಡೆಯುತ್ತದೆ. ಗಂಟಲಲ್ಲಿ ಮುಳ್ಳು ಸಿಕ್ಕಿದರೆ ಅನ್ನದ ಒಣ ಮುದ್ದೆ ನುಂಗಿಸುವವಳೂ ಅವಳೇ, ಬೈಗುಳ ತಿನ್ನುವವಳೂ ಅವಳೇ. ಆ ಹುಡುಗಿಗೆ ಬೇಗನೆ ಒಂದು ತಿಳಿವಳಿಕೆ ಬಂದಿರುತ್ತದೆ. ರುಚಿಯಾದ ಮೀನಿಗೆ ಮುಳ್ಳು ಇದ್ದೇ ಇರುತ್ತದೆ. ತಾರ್ಲೆಯ ಮುಳ್ಳು ಕೂದಲಿನಷ್ಟು ಸಪೂರ, ನೋಗಲಿಯದು ನೇರ, ಬಂಗಡೆಯದು ಗಟ್ಟಿ. ಯಾವುದನ್ನು ಹೇಗೆ ಎತ್ತಬೇಕು ಎಂಬುದು ಬೆರಳಿಗೇ ತಿಳಿಯುತ್ತದೆ.

ಸಹೋದರ ಬಾಂಧವ್ಯದಲ್ಲಿ ಮುಳ್ಳುಗಳಿಲ್ಲ ಎನ್ನುವವರು ಯಾರೂ ಇರಲಾರರು. ಅಮ್ಮನ ಕೊನೆಯ ತಿಂಗಳುಗಳಲ್ಲಿ ಹತ್ತಿರ ಇದ್ದವರಾರು, ಹಣ ಕಳಿಸಿ ದೂರ ಉಳಿದವರಾರು. ಓದಿಸಿದ್ದು ಯಾರನ್ನು, ಓದು ಬಿಡಿಸಿ ಅಡುಗೆಮನೆಗೆ ಕಳಿಸಿದ್ದು ಯಾರನ್ನು. ಇವು ಜಗಳವಾಗಿ ಹೊರಗೆ ಬರುವುದು ಅಪರೂಪ. ಒಳಗೇ ಉಳಿದು, ಮಾತಿನ ನಡುವೆ ಥಟ್ಟನೆ ಚುಚ್ಚುತ್ತವೆ. ಅದರ ಭಯದಿಂದ ನಾವು ಮಾತನ್ನು ಮೊಟಕುಗೊಳಿಸುತ್ತೇವೆ. ಹಬ್ಬದ ಶುಭಾಶಯ, ಮಕ್ಕಳ ಪರೀಕ್ಷೆ, ಮೊಣಕಾಲ ನೋವು, ಅಷ್ಟಕ್ಕೇ ನಿಲ್ಲುತ್ತೇವೆ. ಚುಚ್ಚೀತು ಎಂದು ಹೆದರಿ ತಾಟನ್ನೇ ದೂರ ಸರಿಸುವುದು ಮನುಷ್ಯಸಹಜ. ಆದರೆ ಮೀನನ್ನು ಮೀನಾಗಿ ನಿಲ್ಲಿಸಿದ್ದೂ ಆ ನಡುಮುಳ್ಳೇ. ಒಂದೇ ಮನೆಯ ಒಂದೇ ಬಡತನ, ಒಂದೇ ಅಪ್ಪನ ಒಂದೇ ಸಿಟ್ಟು, ಒಂದೇ ಜ್ವರದ ರಾತ್ರಿ. ನಮ್ಮ ಅಸಮಾಧಾನಗಳೂ ನಮ್ಮ ಅಕ್ಕರೆಯೂ ಹುಟ್ಟಿದ್ದು ಆ ಒಂದೇ ಬೆನ್ನೆಲುಬಿನಿಂದ. ಅದನ್ನು ಮುರಿದು ಎತ್ತಿದರೆ ಚೂರು ಚೂರಾಗಿ ಒಳಗೇ ಉಳಿಯುತ್ತದೆ. ನಿಧಾನವಾಗಿ ಎತ್ತಿದರೆ ಇಡಿಯಾಗಿ ಬರುತ್ತದೆ.

ಆ ನಿಧಾನವನ್ನು ಈ ಊಟವೇ ಕಲಿಸುತ್ತದೆ. ಮುಳ್ಳಿನ ಮೀನನ್ನು ಅವಸರದಲ್ಲಿ ತಿನ್ನಲಾಗದು. ತಿನ್ನುವಾಗ ದೃಷ್ಟಿ ತಾಟಿನ ಮೇಲಿರಬೇಕು, ಎದುರಿನವರ ಮುಖ ನೋಡುವಂತಿಲ್ಲ. ಮುಖ ನೋಡದೆ ಕುಳಿತಾಗ, ಮುಖ ನೋಡಿ ಆಡಲಾಗದ ಕೆಲವು ಮಾತುಗಳು ತಾವಾಗಿ ಬರುತ್ತವೆ. ಬಾರದಿದ್ದರೂ ಚಿಂತೆಯಿಲ್ಲ. ಅಲ್ಲಿ ಮೌನಕ್ಕೆ ಅರ್ಥ ಹಚ್ಚುವವರು ಯಾರೂ ಇರುವುದಿಲ್ಲ. ಇಬ್ಬರೂ ಮುಳ್ಳು ಹುಡುಕುತ್ತಿದ್ದಾರೆ, ಅಷ್ಟೇ.

ಈ ನದಿಯ ದಂಡೆಯಲ್ಲಿ ಹೀಗೆ ನಿಷ್ಕಾರಣವಾಗಿ ಕುಳಿತು ಉಂಡ ಒಡಹುಟ್ಟಿದವರಲ್ಲಿ ಒಬ್ಬರು ಅದನ್ನು ಬರೆದಿಟ್ಟಿದ್ದಾರೆ. 1880ರ ದಶಕದ ಆರಂಭದಲ್ಲಿ ಸತ್ಯೇಂದ್ರನಾಥ ಠಾಕೂರರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು. ಐಸಿಎಸ್ ತೇರ್ಗಡೆಯಾದ ಮೊದಲ ಭಾರತೀಯರು ಅವರು. ಅವರಿಗಿಂತ ಹತ್ತೊಂಬತ್ತು ವರ್ಷ ಕಿರಿಯ ತಮ್ಮ ರವೀಂದ್ರನಾಥರು, ಇಪ್ಪತ್ತರ ಹರೆಯದಲ್ಲಿ, ಅಣ್ಣನ ಮನೆಗೆ ಬಂದು ಕೆಲಕಾಲ ಉಳಿದರು. ಕಾರವಾರದ ಕಡಲ ತೀರಕ್ಕೆ ಇಂದು ಆ ತಮ್ಮನ ಹೆಸರಿದೆ. ಒಂದು ಬೆಳದಿಂಗಳ ಸಂಜೆ ಮನೆಯವರೆಲ್ಲ ಸಣ್ಣ ಹಾಯಿದೋಣಿಯಲ್ಲಿ ಕಾಳಿಯ ಮೇಲೆ ಸಾಗಿದರು. ದಂಡೆಯ ಹಳೆಯ ಗಿರಿದುರ್ಗದ ಬಳಿ ಇಳಿದರು. ಯಾರೋ ರೈತನ ಪುಟ್ಟ ಮನೆ, ಗುಡಿಸಿ ಶುಚಿಯಾಗಿಟ್ಟ ಅಂಗಳ. ಬೇಲಿಯಾಚೆಯಿಂದ ಬೆಳದಿಂಗಳು ಬೀಳುವ ಜಾಗ ಆರಿಸಿ ಕುಳಿತು, ತಂದಿದ್ದನ್ನು ಬಿಚ್ಚಿ ಉಂಡರು. ಮರಳುವಾಗ ದೋಣಿಯನ್ನು ಪ್ರವಾಹಕ್ಕೆ ಬಿಟ್ಟರು. ಅಳಿವೆ ತಲುಪುವಾಗ ಬಹಳ ಹೊತ್ತಾಗಿತ್ತು. ಅಲ್ಲಿ ಇಳಿದು ಮರಳಿನ ಮೇಲೆ ನಡೆದೇ ಮನೆ ಸೇರಿದರು.

1912ರಲ್ಲಿ ಪ್ರಕಟವಾದ ಆತ್ಮಕಥನದಲ್ಲಿ, ಅಂದರೆ ಸುಮಾರು ಮೂರು ದಶಕಗಳ ಅನಂತರ, ರವೀಂದ್ರನಾಥರು ಆ ರಾತ್ರಿಯನ್ನು ನೆನೆದಿದ್ದಾರೆ. ಅಂಗಳ ನೆನಪಿದೆ, ಬೆಳಕು ಬಿದ್ದ ಜಾಗ ನೆನಪಿದೆ, ಗಾಳಿಮರಗಳು ಸದ್ದಡಗಿ ನಿಂತದ್ದು ನೆನಪಿದೆ. ಉಂಡದ್ದೇನು ಎಂಬುದನ್ನು ಮಾತ್ರ ಹೇಳಿಲ್ಲ. ಆ ಮೌನ ನಮ್ಮನ್ನು ಬಹಳ ಹೊತ್ತು ಹಿಡಿದು ನಿಲ್ಲಿಸುತ್ತದೆ. ನಾವು ಊಟಕ್ಕೆಂದೇ ಹೊರಡುತ್ತೇವೆ. ಯಾವ ಖಾನಾವಳಿ, ಯಾವ ಮೀನು, ಹುರಿದದ್ದೋ ಸುಕ್ಕೆಯೋ ಎಂದು ವಾರವಿಡೀ ಚರ್ಚಿಸುತ್ತೇವೆ. ಆ ಚರ್ಚೆ ವ್ಯರ್ಥ ಎಂದು ನನಗನ್ನಿಸುವುದಿಲ್ಲ. ಅನ್ನವಿಲ್ಲದಿದ್ದರೆ ಆ ಅಂಗಳದಲ್ಲಿ ಅವರು ಕೂರುತ್ತಲೇ ಇರಲಿಲ್ಲ. ರುಚಿ ನಮ್ಮನ್ನು ಕೈಹಿಡಿದು ಕರೆತಂದು ಜಾಗ ತೋರಿಸುತ್ತದೆ. ನಾವು ಕುಳಿತ ಮೇಲೆ ತಾನು ಸದ್ದಿಲ್ಲದೆ ಹಿಂದೆ ಸರಿಯುತ್ತದೆ.

ಕಾರವಾರದಲ್ಲಿದ್ದಾಗಲೇ ಆ ತರುಣ ‘ಪ್ರಕೃತಿಯ ಪ್ರತಿಶೋಧ’ ಎಂಬ ನಾಟಕವನ್ನು ಬರೆದರು. 1884ರಲ್ಲಿ ಅದು ಅಚ್ಚಾಯಿತು. ಅದರ ಸನ್ಯಾಸಿ ಮಮತೆಯ ಎಲ್ಲ ತಂತುಗಳನ್ನೂ ಕಡಿದುಕೊಂಡು ಅನಂತವನ್ನು ಗೆಲ್ಲಹೊರಟವನು. ಒಬ್ಬ ಅನಾಥ ಬಾಲಿಕೆಯ ಅಕ್ಕರೆ ಅವನನ್ನು ತಡೆಯುತ್ತದೆ. ಅವನು ಬೆದರಿ ಅವಳನ್ನು ಬಿಟ್ಟು ಓಡುತ್ತಾನೆ. ಕ್ಷುದ್ರವೆಂದು ಬಿಟ್ಟದ್ದರಲ್ಲೇ ಮಹತ್ತು ಇತ್ತು, ಸೀಮೆಯೊಳಗೇ ಅಸೀಮ ಇತ್ತು ಎಂದು ಅರಿತು ಮರಳಿ ಬರುವ ಹೊತ್ತಿಗೆ ಬಾಲಿಕೆ ಬದುಕಿಲ್ಲ. ತಮ್ಮ ಮುಂದಿನ ಬರವಣಿಗೆಗೆಲ್ಲ ಈ ನಾಟಕ ಪೀಠಿಕೆಯಂತಿದೆ ಎಂದು ಕವಿಯೇ ಹೇಳಿಕೊಂಡಿದ್ದಾರೆ. ಕಾಳಿಯ ದಂಡೆಯ ಆ ಅಂಗಳಕ್ಕೂ ಈ ನಾಟಕಕ್ಕೂ ಇರುವ ನಂಟನ್ನು ಅವರು ಬಿಡಿಸಿ ಹೇಳಿಲ್ಲ. ಆದರೆ ಎರಡನ್ನೂ ಒಟ್ಟಿಗಿಟ್ಟು ನೋಡಿದಾಗ, ಅಣ್ಣನ ಪಕ್ಕದಲ್ಲಿ ಕುಳಿತು ತುತ್ತು ಎತ್ತಿದ ಆ ರಾತ್ರಿ ನಾಟಕದ ಒಳಗೆ ಎಲ್ಲೋ ಬೆಳಗುತ್ತಿದೆ ಎಂದೇ ನಾನು ನಂಬುತ್ತೇನೆ. ನಾವು ಯಾರೂ ಸನ್ಯಾಸಿಗಳಲ್ಲ. ಆದರೂ ಕೆಲಸವೆಂಬ, ಕರ್ತವ್ಯವೆಂಬ, ಉನ್ನತಿಯೆಂಬ ಯಾವುದೋ ಅನಂತದ ಬೆನ್ನು ಹತ್ತಿ, ಹತ್ತಿರದವರನ್ನು ಆಮೇಲೆ ಎಂಬ ಪಟ್ಟಿಗೆ ಸೇರಿಸಿದವರೇ.

ಈ ತೀರದಲ್ಲಿ ‘ಆಮೇಲೆ’ಗೆ ಹೆಚ್ಚು ಮರ್ಯಾದೆಯಿಲ್ಲ. ಕಾಳಿಯ ಅಳಿವೆಯಲ್ಲಿ ತಿಸ್ರೆ ಚಿಪ್ಪು ಹೆಕ್ಕುವ ಹೆಂಗಸರು ಇಳಿತದ ಹೊತ್ತಿಗೆ ನೀರಿಗಿಳಿಯುತ್ತಾರೆ. ಆ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಸರಿಯುತ್ತ ಹೋಗುತ್ತದೆ. ಅದನ್ನು ಅವರು ಗಡಿಯಾರ ನೋಡದೆ ಬಲ್ಲರು. ಅಂಕೋಲೆಯ ಕರಿ ಇಶಾಡು ಮಾವಿಗೆ 2023ರಲ್ಲಿ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ದೊರೆಯಿತು. ಆದರೂ ಅದು ಬಹುದಿನ ಉಳಿಯುವ ಹಣ್ಣಲ್ಲ, ಬಂದು ತಿನ್ನಬೇಕಾದ ಹಣ್ಣು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಳು ಮರಿಮಾಡುವ ಕಾಲವೆಂದು ಯಾಂತ್ರಿಕ ದೋಣಿಗಳು ದಡದಲ್ಲಿ ನಿಲ್ಲುತ್ತವೆ. ಆಗ ಖಾನಾವಳಿಯವರಲ್ಲಿ ಇಸ್ವಾಣ ಮೀನು ಕೇಳಿದರೆ, ಹೊಳೆಮೀನು ಇದೆ, ಒಣಮೀನಿನ ಚಟ್ನಿ ಇದೆ ಎನ್ನುತ್ತಾರೆ. ಕೇಳಿದ್ದು ಸಿಗುವ ಊರಲ್ಲ ಇದು; ಇದ್ದದ್ದು ಸಿಗುವ ಊರು. ಒಡಹುಟ್ಟಿದವರನ್ನೂ ನಾವು ಕೇಳಿ ಪಡೆದದ್ದಲ್ಲ.

ಇಲ್ಲಿಯ ದಾರಿಯೂ ‘ಆಮೇಲೆ’ಗೆ ಕಾಯುವುದಿಲ್ಲ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದಾಗ, ಹೆದ್ದಾರಿಯ ಬದಿಯ ಚಹಾದಂಗಡಿಯೂ ಅದನ್ನು ನಡೆಸುತ್ತಿದ್ದ ಕುಟುಂಬವೂ ಮಣ್ಣಿನಡಿ ಸೇರಿದವು. ದಾರಿಹೋಕರು ಇಳಿದು ಚಹಾ ಕುಡಿಯುತ್ತಿದ್ದ ಜಾಗವದು. ತಿಂಗಳು ತುಂಬುವ ಮೊದಲೇ, ಆಗಸ್ಟ್ 7ರ ನಡುರಾತ್ರಿ, ಕಾರವಾರವನ್ನೂ ಸದಾಶಿವಗಡವನ್ನೂ ನಾಲ್ಕು ದಶಕ ಬೆಸೆದಿದ್ದ ಹಳೆಯ ಸೇತುವೆ ಕಾಳಿಗೆ ಬಿತ್ತು. ಲಾರಿಯೊಂದು ನೀರುಪಾಲಾಯಿತು, ಚಾಲಕ ಬದುಕಿದ. ಪಕ್ಕದ ಹೊಸ ಸೇತುವೆಯ ಮೇಲೆ ವಾಹನಗಳು ಈಗಲೂ ಓಡಾಡುತ್ತಿವೆ. ಅದರ ಮೇಲೆ ಸಾಗುವಾಗ ಮಾತು ಒಂದು ಕ್ಷಣ ನಿಲ್ಲುತ್ತದೆ. ಆಮೇಲೆ ಅಕ್ಕ ಕೇಳುತ್ತಾಳೆ, ಹಸಿವಾಯ್ತೇ ಎಂದು.

ಮೇ ತಿಂಗಳ ಕೊನೆಯ ಶನಿವಾರ ಈ ದಾರಿಗೆ ಒಳ್ಳೆಯ ದಿನ. ದೋಣಿಗಳು ಇನ್ನೂ ಕಡಲಲ್ಲಿರುತ್ತವೆ, ಅಂಕೋಲೆಯ ರಸ್ತೆಬದಿಯಲ್ಲಿ ಇಶಾಡು ಬುಟ್ಟಿಗೆ ಬಂದಿರುತ್ತದೆ, ಮಳೆ ಸಾಮಾನ್ಯವಾಗಿ ಹಿಡಿದಿರುವುದಿಲ್ಲ. ಫೋನು ಮಾಡಿದರೆ ಆ ಕಡೆಯಿಂದ ಮೊದಲು ಬರುವುದು ಗಾಬರಿಯ ದನಿಯೇ: ಏನಾಯ್ತು, ಈಗ ಯಾಕೆ ಫೋನ್ ಮಾಡಿದೆ? ಏನೂ ಆಗಿಲ್ಲ, ಬಂಗಡೆ ತಿನ್ನಲಿಕ್ಕೆ ಹೋಗೋಣ ಎಂದರೆ ಸಾಕು. ಆ ಕಡೆ ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ. ಆಮೇಲೆ, ಎಷ್ಟು ಗಂಟೆಗೆ ಹೊರಡೋದು ಎಂಬ ಪ್ರಶ್ನೆ ಬರುತ್ತದೆ.