ಕಾಲು ಮುರಿದ ಜೇಡವೂ ನಮ್ಮ ದಯೆಯೂ



ದಯೆಯನ್ನು ಕುರಿತು ನಾವು ಕೇಳಿದ ಪ್ರವಚನಗಳಿಗೆ ಲೆಕ್ಕವಿಲ್ಲ. ಮಠದ ಪ್ರಸಾದನಿಲಯದಲ್ಲಿ ಬೆಳೆದವರಿಗಂತೂ ಅದು ಅನ್ನದೊಡನೆ ಉಣ್ಣಿಸಿದ ಪಾಠ. ಹಸುವಿನ ಮೈದಡವುವಾಗ, ಹಸಿದ ನಾಯಿಗೆ ರೊಟ್ಟಿಯ ಚೂರು ಹಾಕುವಾಗ ದಯೆ ತಾನಾಗಿ ಒಸರುತ್ತದೆ. ಆದರೆ ಕಂಡೊಡನೆ ಮೈ ಜುಮ್ಮೆನ್ನಿಸುವ ಜೀವಿಯೊಂದು ಎದುರಾದಾಗ ಆ ದಯೆಯ ಗತಿಯೇನು? ಕಳೆದ ಮಳೆಗಾಲದಲ್ಲಿ ಈ ಪ್ರಶ್ನೆ ನನ್ನ ಮುಂದೆ ಬಂದು ನಿಂತಿತು.

ನಸುಕಿನಲ್ಲಿ ಪೂಜೆಗೆಂದು ಹಿತ್ತಲಿನ ದಾಸವಾಳದ ಹೂ ಕೊಯ್ಯುತ್ತಿದ್ದೆ. ಎಲೆಗಳ ನಡುವೆ ಹರಡಿದ್ದ ಬಲೆ ಕಾಣಿಸಲಿಲ್ಲ. ಕೈ ತಗುಲಿ ಬಲೆ ಹರಿಯಿತು. ಅದರ ನಡುವೆ ಕುಳಿತಿದ್ದ ಹಳದಿ ಪಟ್ಟೆಯ ಜೇಡ ರೆಂಬೆಗೂ ನನ್ನ ಬೆರಳಿಗೂ ನಡುವೆ ಸಿಕ್ಕಿ ನೆಲಕ್ಕೆ ಬಿತ್ತು. ಎಂಟು ಕಾಲುಗಳಲ್ಲಿ ಒಂದು ಬುಡದಲ್ಲಿಯೇ ಕಳಚಿತ್ತು, ಉಳಿದವು ಮುದುಡಿದ್ದವು. ಪೂಜೆಗೆ ಹೂವೆತ್ತಿದ ಕೈಯೇ ಒಂದು ಜೀವಕ್ಕೆ ಮುಳುವಾಯಿತಲ್ಲಾ ಎಂಬ ಅಳುಕಿನಿಂದ ಅದನ್ನು ಎಲೆಯೊಂದರ ಮೇಲೆ ಎತ್ತಿ ಮನೆಗೆ ತಂದೆ.

ದಯೆಯ ಬೆನ್ನಿಗೆ ತಿಳಿವಳಿಕೆಯೂ ಬೇಕು. ಜೇಡದ ಕಾಲಿನ ಮುಖ್ಯ ಕೀಲುಗಳಲ್ಲಿ ಅದನ್ನು ಚಾಚುವ ಸ್ನಾಯುಗಳಿಲ್ಲ. ಮೈಯೊಳಗಿನ ರಕ್ತದ್ರವದ ಒತ್ತಡದಿಂದಲೇ ಕಾಲು ನೀಳವಾಗುತ್ತದೆ. ದ್ರವ ಸೋರಿದರೆ, ಮೈ ಒಣಗಿದರೆ ಕಾಲುಗಳು ಮುದುಡುತ್ತವೆ. ಆದುದರಿಂದ ಅದಕ್ಕೆ ಮೊದಲ ಔಷಧವೆಂದರೆ ನೀರು. ಬುಡದ ಕೀಲಿನಲ್ಲಿ ಕಾಲು ಕಳಚಿದಾಗ ಅಲ್ಲಿಯ ಸ್ನಾಯು ಬಿಗಿದು ಗಾಯ ತಾನೇ ಮುಚ್ಚಿಕೊಳ್ಳುವುದುಂಟು. ಎಳೆಯ ಜೇಡವಾದರೆ ಮುಂದೆ ಪೊರೆ ಕಳಚುವಾಗ ಹೊಸ ಕಾಲೂ ಮೂಡೀತು. ಉದರವೇ ಒಡೆದಿದ್ದರೆ ಉಳಿಯುವುದು ದುರ್ಲಭ. ನಮ್ಮ ಗಾಯಗಳಿಗೆ ಹಚ್ಚುವ ಮುಲಾಮು ಅಲ್ಲಿ ಸಲ್ಲದು. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಒದ್ದೆ ಹತ್ತಿಯನ್ನಿರಿಸಿ, ಜೇಡದ ಬಾಯ ಬಳಿ ಒಂದು ಹನಿ ನೀರು ಸೋಕಿಸಿ, ನೆರಳಿನಲ್ಲಿ ಬಿಟ್ಟೆ. ಸಂಜೆಯ ಹೊತ್ತಿಗೆ ಕಾಲುಗಳು ಮೆಲ್ಲನೆ ಚಾಚಿಕೊಂಡವು.

ಇಲ್ಲಿಗೆ ಸುಲಭದ ದಯೆ ಮುಗಿಯಿತು. ಮರುದಿನ ಮೊಮ್ಮಗಳು ಕೇಳಿದಳು: “ಅಜ್ಜಾ, ಇದಕ್ಕ ಹಸಿವಾಗಿರತೈತಿ. ಒಂದು ನೊಣಾ ಹಿಡದ ಹಾಕ್ಲೇನು?”

ನನಗೆ ಉತ್ತರ ತೋಚಲಿಲ್ಲ. ಅನ್ನ, ರೊಟ್ಟಿ ಜೇಡದ ಆಹಾರವಲ್ಲ. ಅಲುಗುವ ಜೀವವೇ ಅದರ ಆಹಾರ. ಒಂದನ್ನು ಉಳಿಸಲು ಇನ್ನೊಂದನ್ನು ಕೈಯಾರೆ ಒಪ್ಪಿಸಬೇಕೆ? ನೊಣ ಮಾಡಿದ ಅಪರಾಧವೇನು? ಒಪ್ಪಿಸದಿದ್ದರೆ, ಬಲೆ ನೇಯಲು ಎಡೆಯಿಲ್ಲದ ಪೆಟ್ಟಿಗೆಯಲ್ಲಿ ಕೂಡಿಟ್ಟು ಉಪವಾಸ ಕೆಡವಿದವನೂ ನಾನೇ ಆಗುತ್ತೇನೆ.

“ಅದರ ಕರ್ಮಕ್ಕೆ ಅದನ್ನು ಬಿಟ್ಟುಬಿಡಬೇಕಿತ್ತು” ಎಂದು ನೀವು ಹೇಳಬಹುದು. ಆದರೆ ಅದರ ಕಾಲು ಕಳಚಿದ್ದು ನನ್ನ ಕೈಯಿಂದ. ನಮ್ಮ ಕೈಯ ತಪ್ಪನ್ನು ಇನ್ನೊಬ್ಬರ ಕರ್ಮದ ಲೆಕ್ಕಕ್ಕೆ ಬರೆಯುವುದು ಧರ್ಮವಲ್ಲ. “ಸಾಧುಪ್ರಾಣಿಗಳನ್ನು ಕಾಯ್ದರೆ ಸಾಕು, ಹಿಂಸಕ ಜೀವಿಗೇಕೆ ಕನಿಕರ?” ಎನ್ನಲೂಬಹುದು. ಯೋಗ್ಯತೆಯನ್ನು ಪರೀಕ್ಷಿಸಿದ ಮೇಲೆ ನೀಡುವುದು ಬಹುಮಾನವಾದೀತು, ದಯೆಯಾಗದು.

ಬಹಳ ಹೊತ್ತು ಯೋಚಿಸಿದ ಮೇಲೆ ನನಗೆ ಹೊಳೆದುದಿಷ್ಟು: ನಾನು ತೀರಿಸಬೇಕಾದುದು ನಾನು ಮಾಡಿದ ಹಾನಿಯ ಋಣವನ್ನು. ಯಾವ ಜೀವ ಯಾವುದಕ್ಕೆ ಆಹಾರವಾಗಬೇಕೆಂಬ ತೀರ್ಪು ನನ್ನದಲ್ಲ. ನೂಲು ನೇಯುವ ಕಾಯಕದವರನ್ನೂ ಕನ್ನಡ ನುಡಿ ಜೇಡರೆಂದೇ ಕರೆಯಿತು. ಜೇಡರ ದಾಸಿಮಯ್ಯನವರ ಹೆಸರಿನಲ್ಲಿ ಆ ಕಾಯಕ ಇಂದಿಗೂ ಉಳಿದಿದೆ. ನೇಕಾರನ ಮಗ್ಗ ಮುರಿದವನು ಅವನ ಬಾಯಿಗೆ ತುತ್ತಿಡುತ್ತ ಕೂಡುವುದಕ್ಕಿಂತ ಮಗ್ಗವನ್ನು ಅವನಿಗೆ ಹಿಂದಿರುಗಿಸುವುದು ಮೇಲು. ಕಾಲೊಂದು ಹೋದರೂ ಜೇಡ ಬಲೆ ನೇಯಬಲ್ಲದು. ಹಲವು ದಿನ ಹಸಿವನ್ನೂ ತಾಳಬಲ್ಲದು. ಮೊಮ್ಮಗಳಿಗೆ ನೊಣ ಬೇಡವೆಂದೆ. ಮೂರನೆಯ ಸಂಜೆ ಅದನ್ನು ದಾಸವಾಳದ ರೆಂಬೆಯ ಮೇಲೆ ಬಿಟ್ಟು ಬಂದೆವು. ಅದು ಎಲೆಯ ಮರೆಗೆ ಸರಿಯಿತು. ನಮ್ಮ ಉಪಕಾರವನ್ನು ಅದು ಅರಿಯಿತೆಂದು ಭಾವಿಸಲು ಯಾವ ಆಧಾರವೂ ಇಲ್ಲ. ಅರಿಯಬೇಕಾದ ಅಗತ್ಯವೂ ಇಲ್ಲ.

ಎರಡು ದಿನ ಕಳೆದು ನೋಡಿದಾಗ ಅಲ್ಲಿ ಹೊಸ ಬಲೆಯಿತ್ತು. ಅದರಲ್ಲೊಂದು ಜೇನುಹುಳು ಸಿಲುಕಿ ಒದ್ದಾಡುತ್ತಿತ್ತು. ಬಿಡಿಸಲೆಂದು ನನ್ನ ಕೈ ಮುಂದೆ ಹೋಯಿತು. ಮತ್ತೆ ಹಿಂದೆ ಬಂತು. ನೊಣವನ್ನು ನಾನು ಕೊಡಲಿಲ್ಲ ನಿಜ, ಆದರೆ ಹಿಡಿಯುವ ಶಕ್ತಿಯನ್ನು ಮರಳಿಸಿದವನು ನಾನೇ. ನನ್ನ ಕೈ ಶುದ್ಧವಾಯಿತೆಂದು ಹೇಳಲಾರೆ. ದಯೆ ಮಾಡಿದವನಿಗೆ ನಿಷ್ಕಳಂಕನೆಂಬ ಹೆಮ್ಮೆ ದೊರೆಯದು, ಹೊಣೆಯ ಅರಿವಷ್ಟೇ ದೊರೆಯುತ್ತದೆ ಎಂಬುದನ್ನು ಆ ಕ್ಷಣದಲ್ಲಿ ಕಂಡೆ.

ಬಂಧುಗಳೇ, ಆ ಜೇನುಹುಳುವನ್ನು ನೀವಾಗಿದ್ದರೆ ಬಿಡಿಸುತ್ತಿದ್ದಿರೋ ಇಲ್ಲವೋ, ನಿಮ್ಮ ಅಂತಃಕರಣವನ್ನೇ ಕೇಳಿಕೊಳ್ಳಿರಿ. ನಾನಂತೂ ಈಗ ಹೂ ಕೊಯ್ಯುವ ಮುನ್ನ ರೆಂಬೆಗಳ ನಡುವೆ ಒಮ್ಮೆ ಕಣ್ಣಾಡಿಸುತ್ತೇನೆ. ಪೂಜೆ ಅಲ್ಲಿಂದಲೇ ಆರಂಭವಾಗುತ್ತದೆಂದು ನನ್ನ ನಂಬಿಕೆ.