ತಲೆಗೆ ಕಟ್ಟಿದ ಬೆಲೆ

ಅಮೆರಿಕದ ಚಿತ್ರಕಥೆಗಳಲ್ಲಿ ಬೋಬಾ ಫೆಟ್ ಎಂಬ ಬೇಟೆಗಾರನಿದ್ದಾನೆ. 1980ರ ‘ಸ್ಟಾರ್ ವಾರ್ಸ್’ ಚಲನಚಿತ್ರದಿಂದ ಹೆಸರಾದವನು. ಗ್ರಹದಿಂದ ಗ್ರಹಕ್ಕೆ ಹಾರಿ, ತಲೆಗೆ ಬಹುಮಾನವುಳ್ಳವರನ್ನು ಹಿಡಿದೊಪ್ಪಿಸುವುದು ಅವನ ಕಸುಬು. ಮುಖ ಶಿರಸ್ತ್ರಾಣದಲ್ಲಿ ಮರೆ. ಹಿಡಿಯುವವನ ಮೇಲೆ ಹಗೆಯೂ ಇಲ್ಲ, ಮಮತೆಯೂ ಇಲ್ಲ.

ಇದಕ್ಕೆ ನೆಲದ ಮೇಲಿನ ನಿದರ್ಶನ ಬೇಕಾದರೆ ಪುಣೆಯಿಂದ ದಿವೇಘಾಟ ಹತ್ತಿ ಸಾಸವಡಕ್ಕೆ ಹೋಗಬೇಕು. ಆ ಪುರಂದರ ಸೀಮೆಯ ಭಿವಡಿಯಲ್ಲಿ ಹುಟ್ಟಿದ ಉಮಾಜಿ ನಾಯಕನ ತಲೆಗೆ ಕಂಪನಿ ಸರಕಾರ ಬಹುಮಾನ ಸಾರಿತ್ತು. ವರ್ಷಗಟ್ಟಲೆ ಸೈನ್ಯಕ್ಕೆ ಸಿಗದವನು 1831ರಲ್ಲಿ ಸಿಕ್ಕಿದ್ದು ಅವನನ್ನು ಬಲ್ಲವರಿಂದಲೇ. 1832ರಲ್ಲಿ ಪುಣೆಯಲ್ಲಿ ಗಲ್ಲಿಗೇರಿದ.

ದರೋಡೆಗಾರನೋ ಸ್ವಾತಂತ್ರ್ಯವೀರನೋ, ಆ ವಾದ ಹಾಗಿರಲಿ. ಕಥೆಯ ಬೇಟೆಗಾರ ಅಪರಿಚಿತ. ನಿಜವಾದ ಬೇಟೆಗಾರ ಜೊತೆಗೆ ಉಂಡವನು. ತಪ್ಪಿತಸ್ಥನನ್ನು ಕಾನೂನಿಗೆ ಒಪ್ಪಿಸುವುದು ಕರ್ತವ್ಯವೇ ಸರಿ. ಆದರೆ ಆ ಕರ್ತವ್ಯಕ್ಕೆ ಬೆಲೆ ಕಟ್ಟಿದವರು ಸ್ನೇಹಕ್ಕೂ ಬೆಲೆ ಕಟ್ಟಿದಂತಾಗಲಿಲ್ಲವೇ?