ಮಾಸ್ತರರ ತಡ

ಕಂಪ್ಯೂಟರಿನಲ್ಲಿ ಸಂಗೀತ ಕೂಡಿಸುವವರಿಗೆ ಕೆಲಸದ ಕೊನೆಯಲ್ಲಿ ಒಂದು ಸಣ್ಣ ಕಿಟಕಿ ಎದುರಾಗುತ್ತದೆ. ಮಿಡಿ ಫೈಲನ್ನು ಯಾವ ರೂಪದಲ್ಲಿ ಹೊರಗೆ ಕಳಿಸಲಿ ಎಂದು ಅದು ಕೇಳುತ್ತದೆ. ಎಲ್ಲವನ್ನೂ ಒಂದೇ ಟ್ರ್ಯಾಕಿಗೆ ಸುರಿಯುವ ಟೈಪ್ 0 ಬೇಕೋ, ಬೇರೆಬೇರೆಯಾಗಿಡುವ ಟೈಪ್ 1 ಬೇಕೋ? ಇದು ಸುಲಭ, ಮುಂದೆ ಯಾರಾದರೂ ಕೈಯಾಡಿಸುವುದಿದ್ದರೆ ಟೈಪ್ 1. ತಿದ್ದಿದ ತಾಳವನ್ನು ಬರೆಯಲೋ, ನುಡಿಸಿದ್ದನ್ನೇ ಬರೆಯಲೋ ಎಂಬಲ್ಲಿಗೆ ಬಂದಾಗ ಮಾತ್ರ ನಾನು ಒಂದು ಸಂಜೆಯಿಡೀ ಸುಮ್ಮನೆ ಕೂತುಬಿಟ್ಟೆ.

ನುಡಿಸಿದವರು ನಾಟಕ ಕಂಪನಿಗಳಲ್ಲಿ ಬಾಳು ಸವೆಸಿದ ಪೇಟಿ ಮಾಸ್ತರರು. ಶಾಲೆಯೊಂದರ ಮಕ್ಕಳಿಗೆ ರಂಗಗೀತೆ ಕಲಿಸಲು ಅವರ ನುಡಿಸಾಣಿಕೆ ಬೇಕಿತ್ತು. ಮಿಡಿ ಫೈಲಿನಲ್ಲಿ ಧ್ವನಿ ಇರುವುದಿಲ್ಲ. ಯಾವ ಮನೆ, ಯಾವ ಗಳಿಗೆ, ಎಷ್ಟು ಬಿರುಸು ಎಂಬ ಲೆಕ್ಕ ಮಾತ್ರ. ಹಾಗಾಗಿ ಮಕ್ಕಳ ಕಂಠಕ್ಕೆ ತಕ್ಕಂತೆ ಶ್ರುತಿ ಏರಿಸಬಹುದು, ಓಟ ತಗ್ಗಿಸಬಹುದು.

ಕೀಬೋರ್ಡಿನ ಮುಂದೆ ಕೂತೊಡನೆ ಮೇಜಿನ ಕೆಳಗೆ ಮಾಸ್ತರರ ಕಾಲುಗಳು ತುಳಿಯತೊಡಗಿದವು. ಕಾಲು ಹಾರ್ಮೋನಿಯಂ ಅಭ್ಯಾಸ, ಪಾಪ. ಹಾರ್ಮೋನಿಯಂನಲ್ಲಿ ನಾದದ ಏರಿಳಿತ ತಿದಿಯ ಗಾಳಿಯಿಂದ ಬರುತ್ತದೆ, ಬೆರಳಿನ ಪೆಟ್ಟಿನಿಂದಲ್ಲ. ಮಿಡಿಯಲ್ಲಿ ಬೆರಳಿನ ಬಿರುಸಿಗೆ 1ರಿಂದ 127ರವರೆಗೆ ಅಂಕ; ಮೇಜಿನ ಕೆಳಗಿನ ಆ ದುಡಿಮೆಗೆ ಸೊನ್ನೆ. ದಾಖಲಾದ ಅಂಕಗಳು ಸುಳ್ಳಲ್ಲ, ಆದರೆ ಅವು ಮಾಸ್ತರರ ಸಂಗೀತವೂ ಅಲ್ಲ. ಅವನ್ನೆಲ್ಲ ಸಮ ಮಾಡಿದೆ. ಮನಸ್ಸು ಅಳುಕಲಿಲ್ಲ.

ತಾಳದ ವಿಷಯ ಹಾಗಲ್ಲ. ನಾನಿಟ್ಟುಕೊಂಡ ಅಳತೆಯಲ್ಲಿ ಒಂದು ಮಾತ್ರೆಗೆ 480 ಹೋಳು. ನಿಮಿಷಕ್ಕೆ 120 ಮಾತ್ರೆಯ ಓಟದಲ್ಲಿ ಒಂದು ಹೋಳು ಹೆಚ್ಚುಕಡಿಮೆ ಸೆಕೆಂಡಿನ ಸಾವಿರದಲ್ಲೊಂದು ಪಾಲು. ಅಷ್ಟು ಹತ್ತಿರದಿಂದ ನೋಡಿದಾಗ, ಪ್ರತಿ ಸಾಲಿನ ಮೊದಲ ಸ್ವರದಲ್ಲಿ ಮಾಸ್ತರರು ಕೂದಲೆಳೆಯಷ್ಟು ಹಿಂದೆ ಇದ್ದರು. ಅದು ತಪ್ಪಲ್ಲವೆಂದು ನನಗೆ ತೋರಿತು. ನಟ ಎತ್ತಿಕೊಂಡ ಮೇಲಲ್ಲವೇ ಪೇಟಿ ಸೇರುವುದು? ಎದುರಿಗಿಲ್ಲದ ನಟನಿಗೂ ಅವರು ಜಾಗ ಬಿಡುತ್ತಿದ್ದರು. ಕ್ವಾಂಟೈಜ್ ಮಾಡಿದರೆ ಪ್ರತಿ ಸ್ವರವೂ ಹೋಗಿ ಗೆರೆಗೆ ಅಂಟಿಕೊಳ್ಳುತ್ತದೆ. ಆ ಜಾಗ ಮುಚ್ಚಿಹೋಗುತ್ತದೆ.

ಎರಡನ್ನೂ ಕೇಳಿಸಿದೆ. ಮಾಸ್ತರರು ತಿದ್ದಿದ್ದನ್ನು ಆರಿಸಿದರು. "ಇದ ಇರ್ಲಿ ತಮ್ಮಾ. ಅದರಾಗ ಬೆರಳು ಹಿಂದ ಬೀಳತಾವ, ವಯಸ್ಸಾತು. ಅದನ್ನ ಒಗದುಬಿಡು."

ಕವಿ ತನ್ನ ಕರಡನ್ನು ಹರಿದುಹಾಕಿದರೆ ನಾವು ಒಪ್ಪುತ್ತೇವೆ. ನುಡಿಸುವವನಿಗೆ ಮಾತ್ರ, ತಾನು ನುಡಿಸಿದ್ದಕ್ಕಿಂತ ಚೆನ್ನಾಗಿ ಉಳಿಯುವ ಹಕ್ಕು ಏಕಿರಬಾರದು? ನಾನು ಜಾಗವೆಂದು ಮೆಚ್ಚಿದ್ದು ಅವರಿಗೆ ಬೆರಳಿನ ಸೋಲು. ಬೆರಳು ಅವರದು, ಮೆಚ್ಚುಗೆಯಷ್ಟೇ ನನ್ನದು. ಇಷ್ಟಾಗಿಯೂ ಒಂದೇ ಫೈಲಿನಲ್ಲಿ ಎರಡನ್ನೂ ಇಟ್ಟು, ಹಳೆಯ ಟ್ರ್ಯಾಕನ್ನು ಮೌನವಾಗಿಸಿ ಕಳಿಸಲೇ ಎಂದು ಯೋಚಿಸಿದೆ. ಆದರೆ ಈ ಬಗೆಯ ಫೈಲಿನಲ್ಲಿ 'ಇದು ಸುಮ್ಮನಿರಲಿ' ಎಂದು ಬರೆದಿಡಲು ಗೊತ್ತಾದ ಜಾಗವಿಲ್ಲ. ಶಾಲೆಯಲ್ಲಿ ತೆರೆದಾಗ ಎರಡೂ ಒಟ್ಟಿಗೆ ಮೊಳಗಿಬಿಟ್ಟಾವು.

ತಿದ್ದಿದ್ದನ್ನಷ್ಟೇ ಕಳಿಸಿದೆ. ಮಕ್ಕಳು ಅದಕ್ಕೆ ಸಲೀಸಾಗಿ ಹಾಡಿದರು. ಕಾರ್ಯಕ್ರಮ ಮುಗಿದು ಹೊರಗೆ ಬರುವಾಗ ಮಾಸ್ತರರು ನನ್ನ ಹೆಗಲ ಮೇಲೆ ಕೈಯಿಟ್ಟು, "ಹಳೇದನ್ನ ಒಗದಿ ಹೌದಲ್ಲೋ?" ಎಂದು ಕೇಳಿದರು.

"ಒಗದೀನ್ರಿ" ಎಂದೆ.

ಆ ಫೈಲು ಇನ್ನೂ ನನ್ನ ಹತ್ತಿರವೇ ಇದೆ. ಎರಡು ಸಲ ತೆಗೆದು ಕೇಳಿದ್ದೇನೆ, ಬಾಗಿಲು ಹಾಕಿಕೊಂಡು.